ಮೈಸೂರಿನ ದುಡ್ಡು, ಲಂಡನ್ನಿನ ವಾದ್ಯವೃಂದ

ಅಶೋಕಪುರಂ ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಾನು ಆಗಾಗ ಕೇಳುವುದು ಬಾಲಕಿರೆವ್ ಎಂಬ ರಷ್ಯನ್ನನ ಮೊದಲ ಸಿಂಫನಿಯನ್ನು. ನುಡಿಸಿದ್ದು ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದ, ನಿರ್ದೇಶಕ ಹರ್ಬರ್ಟ್ ಫಾನ್ ಕರಾಯನ್, ವರ್ಷ 1949. ಖರ್ಚು ಕೊಟ್ಟವರು ಮೈಸೂರಿನ ಜಯಚಾಮರಾಜ ಒಡೆಯರು. ಇಲ್ಲಿಂದ ಅವರ ಅರಮನೆಗೆ ನಡೆದೇ ಹೋಗಬಹುದು. ಆದರೂ ಈ ಸಂಗತಿ ನನಗೆ ತಿಳಿಯುವ ಹೊತ್ತಿಗೆ ಕಾಲೇಜು ಮುಗಿದಿತ್ತು.

ಜಯಚಾಮರಾಜರು ಹುಟ್ಟಿದ್ದು 1919ರಲ್ಲಿ, ಪಟ್ಟಕ್ಕೆ ಬಂದದ್ದು 1940ರಲ್ಲಿ. ರಾಜ್ಯಭಾರ ಹೆಗಲಿಗೆ ಬರದೇ ಹೋಗಿದ್ದರೆ ರಾಖ್ಮನಿನಾಫ್‌ನ ಹತ್ತಿರ ಪಿಯಾನೋ ಕಲಿಯಲು ಹೋಗುತ್ತಿದ್ದರು ಎನ್ನುತ್ತಾರೆ. ಹೋಗಲಾಗಲಿಲ್ಲ. ಬದಲಿಗೆ ಅವರ ಕಣ್ಣು ಲಂಡನ್ನಿನಲ್ಲಿ ಹೆಚ್ಚುಕಡಿಮೆ ಮರೆತೇಹೋಗಿದ್ದ ಇನ್ನೊಬ್ಬ ರಷ್ಯನ್ನನ ಮೇಲೆ ಬಿತ್ತು. ನಿಕೊಲಾಯ್ ಮೆಟ್ನರ್ 1921ರಲ್ಲಿ ದೇಶ ಬಿಟ್ಟವನು. ಫ್ರಾನ್ಸಿನಲ್ಲಿದ್ದು, ಕೊನೆಗೆ ಇಂಗ್ಲೆಂಡಿನಲ್ಲಿ ನೆಲೆ ನಿಂತವನು. ಅವನ ಕೃತಿಗಳ ಧ್ವನಿಮುದ್ರಣಕ್ಕೆಂದೇ ಮೈಸೂರಿನ ಹಣದಿಂದ ಮೆಟ್ನರ್ ಸೊಸೈಟಿ ಹುಟ್ಟಿತು. ಅರವತ್ತು ದಾಟಿದ್ದ, ಹೃದ್ರೋಗದಿಂದ ಬಳಲುತ್ತಿದ್ದ ಮೆಟ್ನರ್ ತನ್ನ ಮೂರೂ ಪಿಯಾನೋ ಕಾನ್ಚೆರ್ಟೋಗಳನ್ನು ತಾನೇ ನುಡಿಸಿದ. ಮೂರನೆಯದನ್ನು ಅರ್ಪಿಸಿದ್ದು ಮೈಸೂರು ಮಹಾರಾಜರಿಗೆ. 1951ರಲ್ಲಿ ತೀರಿಕೊಂಡ. ಅವನ ಬೆರಳುಗಳು ಆ ಕೃತಿಗಳನ್ನು ಹೇಗೆ ನುಡಿಸುತ್ತಿದ್ದವೆಂದು ಇವತ್ತು ಕೇಳಲು ಸಾಧ್ಯವಾಗಿರುವುದು ಆ ಹಣದಿಂದ.

ಈ ಕೆಲಸದ ನಡುವೆ ಇದ್ದವರು ಫಿಲ್‌ಹಾರ್ಮೋನಿಯಾವನ್ನು 1945ರಲ್ಲಿ ಕಟ್ಟಿದ ವಾಲ್ಟರ್ ಲೆಗ್. ಅವರು ಮೈಸೂರಿಗೂ ಬಂದಿದ್ದರು. ಅರಮನೆಯಲ್ಲಿದ್ದ ರೆಕಾರ್ಡುಗಳ ರಾಶಿ, ಸಾಲು ಸಾಲು ಧ್ವನಿವರ್ಧಕಗಳು, ದೊಡ್ಡ ಪಿಯಾನೋಗಳನ್ನು ಕಂಡು ಬೆರಗಾದದ್ದನ್ನು ಬರೆದಿಟ್ಟಿದ್ದಾರೆ. ವಾದ್ಯವೃಂದ ನೆಲೆಯೂರಲು ಮಹಾರಾಜರು ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಕೊಡಲು ಒಪ್ಪಿದರಂತೆ. ಆದರೆ ನನ್ನ ಗಮನ ಸೆಳೆದದ್ದು ಮೊತ್ತಕ್ಕಿಂತ ಹೆಚ್ಚಾಗಿ ಅವರ ಆಯ್ಕೆ. ಬೀಥೋವನ್, ಮೊಜಾರ್ಟ್ ಯಾರಿಗಾದರೂ ಸಿಗುತ್ತಿದ್ದರು. ಇವರು ಕೇಳಿದ್ದು ಬಾಲಕಿರೆವ್‌ನನ್ನು ಮತ್ತು ಆಲ್ಬರ್ಟ್ ರೂಸೆಲ್ ಎಂಬ ಫ್ರೆಂಚನ ನಾಲ್ಕನೆಯ ಸಿಂಫನಿಯನ್ನು.

ರೂಸೆಲ್ ನೌಕಾಪಡೆಯ ಅಧಿಕಾರಿಯಾಗಿದ್ದವನು. ಮದುವೆಯಾದ ಹೊಸತರಲ್ಲಿ, 1909ರಲ್ಲಿ, ಹೆಂಡತಿಯೊಡನೆ ಭಾರತ ಸುತ್ತಿದ. ಎಲ್ಲೋರ, ಜೈಪುರ, ಕಾಶಿಯ ನೆನಪಿನಲ್ಲಿ ವಾದ್ಯವೃಂದಕ್ಕೊಂದು ಕೃತಿ ಬರೆದ. ಚಿತ್ತೋರಿನ ಪದ್ಮಿನಿಯ ಕಥೆಯನ್ನು ಪ್ಯಾರಿಸ್ಸಿನ ರಂಗಕ್ಕೆ ತಂದ. ಸ್ವಾರಸ್ಯವೆಂದರೆ 1934ರ ಈ ಸಿಂಫನಿಯಲ್ಲಿ ಭಾರತದ ಸುಳಿವೇ ಇಲ್ಲ. ಬಿಗಿಯಾದ ಲಯ, ಚುರುಕಾದ ಕಹಳೆ, ಅರ್ಧ ಗಂಟೆಯೊಳಗೆ ಮುಗಿದುಹೋಗುತ್ತದೆ. ಅದಕ್ಕೆ ಎದುರಾಗಿ ಬಾಲಕಿರೆವ್‌ನದು ನಿಧಾನ. 1864ರಲ್ಲಿ ಶುರುಮಾಡಿ 1897ರಲ್ಲಿ ಮುಗಿಸಿದ ಸಿಂಫನಿ ಅದು! ಮೂರನೆಯ ಭಾಗದಲ್ಲಿ ಕ್ಲಾರಿನೆಟ್ ಒಂದೇ ಉಸಿರಿನಲ್ಲೇನೋ ಎಂಬಂತೆ ಎಳೆಯುವ ರಾಗ ನನಗೆ ಆಲಾಪನೆಯನ್ನು ನೆನಪಿಸುತ್ತದೆ. ಇದು ನನ್ನ ಕಿವಿಯ ದೋಷವೂ ಇರಬಹುದು. 94 ಕರ್ನಾಟಕ ಸಂಗೀತ ಕೃತಿಗಳನ್ನು ರಚಿಸಿದ ದೊರೆಗೆ ಅದು ಹೇಗೆ ಕೇಳಿಸಿತ್ತೋ.

ಇಷ್ಟು ಹೇಳಿದ ಮೇಲೆ ಒಂದು ಇರುಸುಮುರುಸನ್ನೂ ಹೇಳಬೇಕು. ನಮ್ಮ ಕೇರಿಗೆ ಹಿಂದೆ ಇದ್ದ ಹೆಸರು ಆದಿಕರ್ನಾಟಕಪುರ. ತಾತ ಇಲ್ಲೇ ಪಕ್ಕದ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವರು. ಅವರ ಪಾಲಿಗೆ ಪಾಶ್ಚಾತ್ಯ ಸಂಗೀತವೆಂದರೆ ದಸರಾ ಮೆರವಣಿಗೆಯ ಇಂಗ್ಲಿಷ್ ಬ್ಯಾಂಡು. ಸಯ್ಯಾಜಿರಾವ್ ರಸ್ತೆಯ ಅಂಚಿನಲ್ಲಿ ಬೆಳಿಗ್ಗೆಯಿಂದ ಜಾಗ ಹಿಡಿದು ನಿಂತು, ಎದುರಿಗೆ ಹಾದುಹೋಗುವಷ್ಟು ಹೊತ್ತು ಕೇಳಿದ್ದೇ ಕಛೇರಿ. ಅರಮನೆಯ ಆ ಬ್ಯಾಂಡು ಮುಂದೆ ಪೊಲೀಸ್ ಬ್ಯಾಂಡಾಗಿ ಉಳಿದುಕೊಂಡಿತು. ಲಂಡನ್ನಿನ ರೆಕಾರ್ಡುಗಳು ಮಾತ್ರ ಅರಮನೆಯೊಳಗೆ ತಿರುಗಿದವು. ಅದು ಅರಸರ ಸ್ವಂತ ಖರ್ಚು ಎನ್ನಬಹುದು. ಆದರೆ ಅರಸರ ಸ್ವಂತದ್ದು ಎಂಬುದರ ಬೇರು ಯಾರ ಹೊಲಗದ್ದೆಗಳಲ್ಲಿತ್ತು? ಮೈಸೂರು ಒಂದು ಫ್ರೆಂಚ್–ರಷ್ಯನ್ ಸಂಗೀತ ಕಛೇರಿಯನ್ನೇ ಮಾಡಿಸಿತು, ಮೈಸೂರಿನವರಿಗೆ ಕೇಳಿಸಲಿಲ್ಲ.

ಹಾಗೆಂದು ಆ ಖರ್ಚು ದಂಡವಾಯಿತು ಎನ್ನಲು ನನಗೆ ಬಾಯಿ ಬರುವುದಿಲ್ಲ. 1950ರಲ್ಲಿ ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳು ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಸಿದ್ದಕ್ಕೂ ಇದೇ ಅರಸರ ನೆರವಿತ್ತು. ಅವರು ತೀರಿಕೊಂಡದ್ದು 1974ರಲ್ಲಿ. ಹಾಡಿಸಿದ್ದು, ನುಡಿಸಿದ್ದು ಉಳಿದುಕೊಂಡಿತು. ತಡವಾಗಿಯಾದರೂ ನನ್ನ ಕಿವಿಗೂ ಬಂತು.

ಒಮ್ಮೆ ಮನೆಯ ತಾರಸಿಯಲ್ಲಿ ಬಾಲಕಿರೆವ್‌ನ ಕೊನೆಯ ಭಾಗವನ್ನು ಸ್ಪೀಕರಿಗೆ ಹಾಕಿದ್ದೆ. ಬಟ್ಟೆ ಒಣಹಾಕಲು ಬಂದ ಅಮ್ಮ ಹಗ್ಗ ಹಿಡಿದು ನಿಂತು ಕೇಳಿದಳು: "ಏನೋ ಇದು, ದಸರಾ ಬ್ಯಾಂಡಾ?"

"ಹೂಂನಮ್ಮಾ," ಎಂದೆ. "ಅರಮನೆಯವರು ಮಾಡಿಸಿದ್ದು."

"ಚೆನ್ನಾಗಿದೆ, ಇರಲಿ ಬಿಡು," ಎಂದು ಬಟ್ಟೆ ಕೊಡವತೊಡಗಿದಳು.