ಮಣ್ಣಿಗೆ ಹೋಗುವ ದಾರಿ

(ಜ್ಯಾಕ್ಸನ್ ಹೈಟ್ಸಿನಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ನಮ್ಮ ಹಾಸನದ ಕಡೆ, ಸಾವಿನ ಮನೆಗೆ ಹೋಗಿಬಂದವನನ್ನು ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರೆ 'ಮಣ್ಣಿಗೆ ಹೋಗಿದ್ದೆ' ಎನ್ನುತ್ತಾನೆ. ಹೂಳುವ ಮನೆತನಗಳಲ್ಲಿ, ಬಂದವರೆಲ್ಲ ಗುಂಡಿಗೆ ಒಂದೊಂದು ಹಿಡಿ ಮಣ್ಣು ಹಾಕುವ ಪದ್ಧತಿಯಿಂದ ಬಂದ ಮಾತಿದು. ಮದುವೆಗೆ ಕರೆಯೋಲೆ ಬೇಕು. ಮಣ್ಣಿಗೆ ಕರೆ ಬೇಡ, ಸುದ್ದಿ ಮುಟ್ಟಿದರೆ ಸಾಕು. ಸುದ್ದಿ ಮುಟ್ಟಿಯೂ ಹೋಗದವನನ್ನು ಬಂಧುಗಳು ಬಹುಕಾಲ ಮರೆಯುವುದಿಲ್ಲ. ಸಮುದ್ರ ದಾಟಿ ಬಂದ ನಾವು ಈ ಕರ್ತವ್ಯವನ್ನು ಹೇಗೆ ನಡೆಸಿಕೊಂಡು ಬಂದೆವು, ನಮಗಿಂತ ಮೊದಲು ಇದೇ ದಾರಿಯಲ್ಲಿ ಯಾರು ನಡೆದಿದ್ದರು ಎಂಬುದೇ ಇಂದಿನ ನನ್ನ ವಿಷಯ. ಹಬ್ಬದ ವಾತಾವರಣದಲ್ಲಿ ಇಂಥ ವಿಷಯವನ್ನು ಎತ್ತಿಕೊಂಡದ್ದಕ್ಕೆ ಹಿರಿಯರು ಕ್ಷಮಿಸಬೇಕು.

ಮೊದಲು ನಾವು ಕುಳಿತಿರುವ ಈ ಸ್ಥಳವನ್ನೇ ನೋಡೋಣ. ಕಳೆದ ಶತಮಾನದ ಆರಂಭದಲ್ಲಿ ಕ್ವೀನ್ಸ್‌ಬರೋ ಕಾರ್ಪೊರೇಷನ್ ಎಂಬ ಸಂಸ್ಥೆ ಇಲ್ಲಿನ ಹೊಲಗಳನ್ನು ಕೊಂಡು, ಒಳಗೆ ತೋಟವಿರುವ ವಸತಿಕಟ್ಟಡಗಳನ್ನು ಎಬ್ಬಿಸಿತು. 1917ರಲ್ಲಿ ಎತ್ತರದ ಹಳಿಗಳ ಮೇಲೆ ರೈಲು ಬಂದಿತು. ಆ ಮನೆಗಳ ಬಾಗಿಲು ಯೆಹೂದ್ಯರಿಗೂ ಕರಿಯರಿಗೂ ಬಹುಕಾಲ ಮುಚ್ಚಿತ್ತು. 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಜಾನ್ಸನ್ನರು ಸ್ವಾತಂತ್ರ್ಯ ದೇವತೆಯ ವಿಗ್ರಹದ ಅಡಿಯಲ್ಲಿ ಹೊಸ ವಲಸೆ ಕಾನೂನಿಗೆ ಸಹಿ ಹಾಕಿದ ಮೇಲೆ ನಮ್ಮಂಥವರಿಗೆ ಈ ದೇಶದ ಬಾಗಿಲು ತೆರೆಯಿತು. 1970ರ ದಶಕದಲ್ಲಿ 74ನೆಯ ಬೀದಿಯಲ್ಲಿ ನಮ್ಮ ದೇಶದವರ ಅಂಗಡಿಗಳು ತೆರೆದವು. ತೊಗರಿಬೇಳೆ, ಹುಣಸೆಹಣ್ಣು, ಊರಿಗೆ ಒಯ್ಯಲು 220 ವೋಲ್ಟಿನ ಮಿಕ್ಸರ್, ಎಲ್ಲವೂ ದೊರೆಯತೊಡಗಿದವು. ದೂರದ ಊರುಗಳಿಂದಲೂ ಕನ್ನಡಿಗರು ಕಾರು ಓಡಿಸಿಕೊಂಡು ಇಲ್ಲಿಗೆ ಬರುತ್ತಿದ್ದರು. ಆಗ ನಮ್ಮ ಪ್ರಯಾಣಗಳೆಲ್ಲ ಬದುಕಿಗೆ ಸಂಬಂಧಿಸಿದ್ದವು. ನಾವೆಲ್ಲ ಇಪ್ಪತ್ತು, ಮೂವತ್ತರ ವಯಸ್ಸಿನವರು. ಈ ನೆಲದಲ್ಲಿ ನಮ್ಮವರೆಂಬ ಮುದುಕರೇ ಇರಲಿಲ್ಲ.

ಸಾವುಗಳೆಲ್ಲ ಊರಿನಲ್ಲಿ ನಡೆಯುತ್ತಿದ್ದವು. 1977ರಲ್ಲಿ ನನ್ನ ತಂದೆ ತೀರಿಕೊಂಡಾಗ ತಂತಿ ನನ್ನ ಕೈಸೇರಿದ್ದು ಮೂರನೆಯ ದಿನ. ಊರಿನಲ್ಲಿ ಶವವನ್ನು ಕಾಯಿಸುವುದಿಲ್ಲ. ಬೆಳಿಗ್ಗೆ ಹೋದ ಜೀವದ ದೇಹ ಸಂಜೆಯೊಳಗೆ ಮನೆ ಬಿಡಬೇಕು. ಅದು ಏಳುವವರೆಗೆ ಆ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ. ಹಿರಿಯ ಮಗನಾದ ನಾನು ತಂತಿಯನ್ನು ಓದುವ ಹೊತ್ತಿಗೆ ನನ್ನ ತಮ್ಮ ಬೆಂಕಿ ಕೊಟ್ಟು, ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಒಯ್ಯುವ ಸಿದ್ಧತೆಯಲ್ಲಿದ್ದ. ನಾನು ಸ್ನಾನ ಮಾಡಿ ಕಚೇರಿಗೆ ಹೋದೆ. ಭಾರತದ ತಂತಿಸೇವೆ 2013ರಲ್ಲಿ ನಿಂತುಹೋಯಿತು. ಅಂಥ ತಂತಿಯೊಂದನ್ನು ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಂಡವರು ಈ ಸಭೆಯಲ್ಲಿ ನಾನೊಬ್ಬನೇ ಅಲ್ಲವೆಂದು ಬಲ್ಲೆ.

ಆದ್ದರಿಂದ 1991ರ ಚಳಿಗಾಲದಲ್ಲಿ, ಪಿಟ್ಸ್‌ಬರ್ಗಿನಲ್ಲಿ ಮಗನೊಡನೆ ಇದ್ದ ನನ್ನ ಸೋದರಮಾವ ತೀರಿಕೊಂಡರೆಂದು ನಡುರಾತ್ರಿ ದೂರವಾಣಿ ಬಂದಾಗ, ದುಃಖದ ಜೊತೆಗೆ ಹೇಳಿಕೊಳ್ಳಲಾಗದ ಒಂದು ಸಮಾಧಾನವೂ ನನಗಾಯಿತು: ಈ ಸಲ ಹೋಗಬಹುದು. ಬೆಳಗಾಗುವ ಮುನ್ನ ಹೆಂಡತಿ, ಇಬ್ಬರು ಮಕ್ಕಳೊಡನೆ ಹೊರಟೆ. ದಾರಿ ಸುಮಾರು 370 ಮೈಲಿ. ಗೋಥಲ್ಸ್ ಸೇತುವೆ ದಾಟಿ, ನ್ಯೂ ಜೆರ್ಸಿಯನ್ನು ಹಾದು, ಹ್ಯಾರಿಸ್‌ಬರ್ಗಿನ ಆಚೆ ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ಹಿಡಿದೆವು. 1940ರಲ್ಲಿ ತೆರೆದ ಆ ಹೆದ್ದಾರಿ, 1885ರಲ್ಲಿ ಕೈಬಿಟ್ಟ ರೈಲುದಾರಿಯೊಂದರ ಜಾಡಿನಲ್ಲಿ ಸಾಗುತ್ತದೆ. ಅಂದು ಅರ್ಧ ಕೊರೆದು ಬಿಟ್ಟಿದ್ದ ಸುರಂಗಗಳಲ್ಲಿ ಹಲವನ್ನು ಪೂರೈಸಿ ರಸ್ತೆ ಮಾಡಿದರು. ಬ್ಲೂ ಮೌಂಟನ್, ಕಿಟಟಿನ್ನಿ, ಟಸ್ಕರೋರ, ಅಲೆಘೆನಿ ಎಂಬ ನಾಲ್ಕು ಸುರಂಗಗಳನ್ನು ಮಕ್ಕಳು ಎಣಿಸಿದರು. ಕೊನೆಯದನ್ನು ದಾಟಿದ ಮೇಲೆ ಮಗಳು ಕೇಳಿದಳು: "ಅಪ್ಪಾ, ಅಜ್ಜನಿಗೆ ನಾವು ಬಂದದ್ದು ಗೊತ್ತಾಗುವುದಿಲ್ಲವಲ್ಲ, ಮತ್ತೆ ಯಾಕೆ ಹೋಗುವುದು?" ನನ್ನ ತಾಯಿಯಾಗಿದ್ದರೆ ಗದರಿಸುತ್ತಿದ್ದಳು. ನಾನು, ಹೋಗದೆ ಉಳಿದರೆ ಏನಾಗುತ್ತದೆಂದು ನನಗೆ ಗೊತ್ತು, ಎಂದಷ್ಟೇ ಹೇಳಿ ಅಂದಿನ ತಂತಿಯ ಕಥೆಯನ್ನು ಮೊದಲ ಬಾರಿಗೆ ಅವರಿಗೆ ಹೇಳಿದೆ.

ದೇಹ ನಮಗಾಗಿ ಕಾದಿತ್ತು. ಪೆನ್ಸಿಲ್ವೇನಿಯಾದ ಕಾನೂನಿನಂತೆ ಸಾವಿನ ನಂತರ 24 ಗಂಟೆ ಕಳೆಯದೆ ದಹನವಿಲ್ಲ; ಕರೋನರ್ ಎಂಬ ಅಧಿಕಾರಿಯ ಒಪ್ಪಿಗೆಯೂ ಬೇಕು. ನಮ್ಮ ಶಾಸ್ತ್ರ ಅವಸರ ಮಾಡುತ್ತದೆ, ಇಲ್ಲಿನ ಶಾಸನ ತಡೆಯುತ್ತದೆ ಎಂದು ನಮ್ಮವರು ಗೊಣಗುವುದುಂಟು. ಆದರೆ ಕೊಲಂಬಸ್ಸಿನಿಂದ, ಡೆಟ್ರಾಯಿಟಿನಿಂದ, ನ್ಯೂ ಜೆರ್ಸಿಯಿಂದ ಬಂಧುಗಳು ಕಾರಿನಲ್ಲಿ ಬಂದು ಸೇರಲು ಎಡೆಮಾಡಿಕೊಟ್ಟದ್ದು ಆ ತಡೆಯೇ. ಬಂದವರೆಲ್ಲ ಪಾತ್ರೆಗಳಲ್ಲಿ ಅನ್ನ, ಸಾರು ತಂದಿದ್ದರು. ಸೋದರಮಾವನ ಮಗ ಚಿತೆಗೆ ಕೊಳ್ಳಿ ಇಡುವ ಬದಲು ಗುಂಡಿಯೊಂದನ್ನು ಒತ್ತಿದ.

ಮರುದಿನ ಹಿಂತಿರುಗುವ ಮುನ್ನ ಸ್ಥಳೀಯ ಕನ್ನಡಿಗರೊಬ್ಬರು, ನೈರುತ್ಯಕ್ಕೆ ಸುಮಾರು 30 ಮೈಲಿ ದೂರದ ವಾಷಿಂಗ್ಟನ್ ಎಂಬ ಸಣ್ಣ ಊರಿಗೆ ನಮ್ಮನ್ನು ಕರೆದೊಯ್ದರು. ಅಲ್ಲೊಂದು ಗುಡ್ಡದ ಮೇಲೆ, ಎರಡೇ ಕೋಣೆಗಳ ಇಟ್ಟಿಗೆ ಕಟ್ಟಡವಿದೆ. ಅಮೆರಿಕದ ಮೊದಲ ಆಧುನಿಕ ದಹನಗೃಹವದು. 1876ರಲ್ಲಿ ಸುಮಾರು 1500 ಡಾಲರು ವೆಚ್ಚದಲ್ಲಿ ಕಟ್ಟಿಸಿದವರು ಡಾ. ಫ್ರಾನ್ಸಿಸ್ ಜೂಲಿಯಸ್ ಲೆಮಾಯ್ನ್. ಕರಿಯರ ಗುಲಾಮಗಿರಿಯನ್ನು ವಿರೋಧಿಸಿ, ಓಡಿಬಂದ ಗುಲಾಮರಿಗೆ ತಮ್ಮ ಮನೆಯಲ್ಲೇ ಆಶ್ರಯ ಕೊಟ್ಟ ವೈದ್ಯರು ಇವರು. ಹೂಳುವುದರಿಂದ ಕುಡಿಯುವ ನೀರು ಕೆಡುತ್ತದೆಂದು ನಂಬಿದ್ದರು.

ಅಲ್ಲಿ ಮೊದಲು ದಹನವಾದ ದೇಹ ಹೋದದ್ದು ನಮ್ಮ ನ್ಯೂಯಾರ್ಕಿನಿಂದ! ಬ್ಯಾರನ್ ಡಿ ಪಾಮ್ ಎಂಬ ಬವೇರಿಯದ ವೃದ್ಧ 1876ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಬಂಧುಗಳಿಲ್ಲದೆ ತೀರಿಕೊಂಡರು. ತಮ್ಮನ್ನು ಸುಡಬೇಕೆಂಬುದು ಅವರ ಇಚ್ಛೆ. ಅವರ ಸ್ನೇಹಿತ, ಥಿಯಸಾಫಿಕಲ್ ಸೊಸೈಟಿಯ ಅಧ್ಯಕ್ಷ ಕರ್ನಲ್ ಹೆನ್ರಿ ಸ್ಟೀಲ್ ಆಲ್ಕಾಟ್ ಮಾತು ಕೊಟ್ಟಿದ್ದರು. ಆದರೆ ಸುಡಲು ಸ್ಥಳವೇ ಇರಲಿಲ್ಲ. ದೇಹವನ್ನು ಕೆಡದಂತೆ ಆರು ತಿಂಗಳು ಕಾಯ್ದಿಟ್ಟು, ರೈಲಿನಲ್ಲಿ ಅಲ್ಲಿಗೆ ಒಯ್ದು, ಡಿಸೆಂಬರ್ 6ರಂದು ಆ ಕುಲುಮೆಗೆ ಒಪ್ಪಿಸಿದರು. ಪತ್ರಿಕೆಗಳು ಅಪಹಾಸ್ಯ ಮಾಡಿದವು. ಎರಡನೆಯವರು 1878ರಲ್ಲಿ ಸಿನ್ಸಿನಾಟಿಯಿಂದ ತಂದ ಜೇನ್ ಪಿಟ್‌ಮನ್; ಅಮೆರಿಕದಲ್ಲಿ ಶೀಘ್ರಲಿಪಿಯನ್ನು ಹರಡಿದ ಬೆನ್ ಪಿಟ್‌ಮನ್ನರ ಪತ್ನಿ. ನಮ್ಮೂರುಗಳ ಟೈಪಿಂಗ್ ಶಾಲೆಗಳಲ್ಲಿ ಕಲಿತ ಪಿಟ್‌ಮನ್ ಲಿಪಿ ಬೆನ್ನರ ಅಣ್ಣ ಐಸಾಕರದು. ಮೂರನೆಯವರು 1879ರಲ್ಲಿ ಸ್ವತಃ ಲೆಮಾಯ್ನ್. 1901ರಲ್ಲಿ ಮುಚ್ಚುವವರೆಗೆ ಅಲ್ಲಿ 42 ದಹನಗಳಾದವು. ತಮ್ಮ ಊರಿನಲ್ಲಿ ಬೆಂಕಿ ದೊರೆಯದವರು ತಮ್ಮ ಪ್ರಿಯರನ್ನು ಕರೆದುಕೊಂಡು ಅಷ್ಟು ದೂರದ ದಾರಿ ಹಿಡಿದಿದ್ದರು.

ಅಷ್ಟರಲ್ಲಿ ಬೆಂಕಿ ನಮ್ಮ ಸಮೀಪಕ್ಕೂ ಬಂದಿತ್ತು. ಇಲ್ಲಿಂದ ಕೆಲವೇ ಮೈಲಿ ದೂರದ ಮಿಡಲ್ ವಿಲೇಜಿನಲ್ಲಿ, 1884ರಲ್ಲಿ ಸ್ಥಾಪಿತವಾದ ಫ್ರೆಶ್ ಪಾಂಡ್ ದಹನಗೃಹದಲ್ಲಿ ಮೊದಲ ದಹನ 1885ರಲ್ಲಿ ನಡೆಯಿತು. ಬೇಸ್‌ಬಾಲ್ ಪ್ರಿಯರಾದ ನಮ್ಮ ಮಕ್ಕಳಿಗೆ ಗೊತ್ತಿರುವ ಲೂ ಗೆರಿಗ್ 1941ರಲ್ಲಿ ಬೂದಿಯಾದದ್ದು ಅಲ್ಲಿಯೇ.

ಇನ್ನು ನೀರಿನ ಮಾತು. ಡಿ ಪಾಮರ ಬೂದಿಯನ್ನು ಆಲ್ಕಾಟರು ಜೋಪಾನವಾಗಿಟ್ಟುಕೊಂಡು, 1878ರ ಕೊನೆಯಲ್ಲಿ ಭಾರತಕ್ಕೆ ಹೊರಡುವ ಮುನ್ನ ನ್ಯೂಯಾರ್ಕ್ ಕೊಲ್ಲಿಯ ನೀರಿನಲ್ಲಿ ಚೆಲ್ಲಿದರು. ಪುಣೆಯ ಡಾ. ಆನಂದಿಬಾಯಿ ಜೋಶಿಯವರದು ಇದಕ್ಕೆ ವಿರುದ್ಧ ದಿಕ್ಕಿನ ಪ್ರಯಾಣ. ಪೆನ್ಸಿಲ್ವೇನಿಯಾದಲ್ಲಿ ವೈದ್ಯಪದವಿ ಪಡೆದು ಹಿಂತಿರುಗಿ 1887ರಲ್ಲಿ ತೀರಿಕೊಂಡ ಅವರ ಅಸ್ಥಿ ಸಮುದ್ರ ದಾಟಿ ಬಂದು, ಅವರನ್ನು ಮಗಳಂತೆ ಕಂಡ ಅಮೆರಿಕನ್ ಮಹಿಳೆಯ ಕುಟುಂಬದ ನೆಲದಲ್ಲಿ, ಹಡ್ಸನ್ ತೀರದ ಪೊಕಿಪ್ಸಿಯಲ್ಲಿ ನೆಲೆಸಿದೆ. ಇಂದು ಜಮೈಕಾ ಕೊಲ್ಲಿಯ ದಡದಲ್ಲಿ ನಮ್ಮ ದೇಶದವರು ಪಿಂಡ, ಹೂವು ಬಿಡುವುದನ್ನು ಕಾಣುತ್ತೇವೆ. ಅದು ರಾಷ್ಟ್ರೀಯ ಉದ್ಯಾನದ ಭಾಗ. ಬಿಟ್ಟದ್ದನ್ನು ದಡದಲ್ಲಿ ಉಳಿಸದೆ ಬರಬೇಕೆಂಬುದನ್ನು ನಮ್ಮವರು ನೆನಪಿಡಬೇಕು.

ಸೋದರಮಾವನ ಅಸ್ಥಿಯ ಒಂದು ಭಾಗ ಪಶ್ಚಿಮವಾಹಿನಿಗೆ ಹೋಯಿತು, ಒಂದು ಭಾಗ ಪಿಟ್ಸ್‌ಬರ್ಗಿನ ನದಿಗೆ. ಎರಡೂ ಕಡೆ ನಮ್ಮವರು ಇದ್ದರೆಂಬುದೇ ಮುಖ್ಯ. ಒಂದು ಊರಿನಲ್ಲಿ ಮನೆ ಕೊಂಡ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ. ಅಲ್ಲಿಂದ ಮಣ್ಣಿಗೆ ಹೋಗಬೇಕಾದ ಮನೆಗಳು ಹುಟ್ಟಿದಾಗ ನಾವು ಅಲ್ಲಿನವರಾಗುತ್ತೇವೆ. ಆದ್ದರಿಂದ ನನ್ನದೊಂದು ವಿನಂತಿ. ಸುದ್ದಿ ಬಂದಾಗ ಮಕ್ಕಳನ್ನು ಶಾಲೆಯ ನೆಪದಲ್ಲಿ ಮನೆಯಲ್ಲಿ ಬಿಡಬೇಡಿ, ಕಾರಿನಲ್ಲಿ ಕೂರಿಸಿಕೊಳ್ಳಿ. ಅಂದು ಪ್ರಶ್ನೆ ಕೇಳಿದ ನನ್ನ ಮಗಳು ಹಲವು ವರ್ಷಗಳ ನಂತರ, ಅತ್ತೆಯೂ ತೀರಿಕೊಂಡರೆಂಬ ಸುದ್ದಿ ಬಂದ ರಾತ್ರಿ, ನಾನು ಹೇಳುವ ಮೊದಲೇ ಕಾರಿನ ಬೀಗದ ಕೈ ಹಿಡಿದು ನಿಂತಿದ್ದಳು. ನನಗೆ ವಯಸ್ಸಾಗಿತ್ತು, ಆ 370 ಮೈಲಿಯನ್ನೂ ಅವಳೇ ಓಡಿಸಿದಳು.