ಲಾರಿ ಹತ್ತದ ಕಾಫಿ

ಕಾಫಿ ಸೀಮೆಯವನು ಅಂದಕೂಡಲೇ ಆಫೀಸಿನಲ್ಲಿ ಎಲ್ಲರೂ ಕೇಳೋ ಪ್ರಶ್ನೆ ಒಂದೇ: "ನಿಮ್ಮನೇಲಿ ಸೂಪರ್ ಫಿಲ್ಟರ್ ಕಾಫಿ ಮಾಡ್ತಾರಲ್ವಾ?" ನಿಜ ಹೇಳ್ತೀನಿ, ನಾನು ಫಿಲ್ಟರನ್ನು ಮೊದಲ ಸಲ ನೋಡಿದ್ದು ಬಿಇ ಓದೋಕೆ ಪೇಟೆಗೆ ಬಂದಾಗ, ರೂಮಿನ ಓನರ್ ಮನೆಯಲ್ಲಿ.

ನಮ್ಮದು ಬೆಲ್ಲದ ಕಾಫಿ. ನೀರಿಗೆ ಬೆಲ್ಲ ಹಾಕಿ ಕುದಿಸೋದು, ಪುಡಿ ಹಾಕಿ ಇಳಿಸಿ ಮುಚ್ಚಿಡೋದು, ಗಸಿ ತಳಕ್ಕೆ ಕೂತ ಮೇಲೆ ಬಟ್ಟೆಯಲ್ಲಿ ಸೋಸೋದು. ಹಾಲಿಲ್ಲ, ಬೆಲ್ಲದ ಜೊತೆ ಕುದಿಸಿದರೆ ಒಡೆದುಹೋಗುತ್ತೆ. ಪುಡಿಯಾದರೂ ಎಂಥದ್ದು? ಗಿಡದಡಿ ಉದುರಿ ಕಪ್ಪಾದ ಬೀಜದ್ದು. ಒಳ್ಳೇದನ್ನ ಯಾಕೆ ಇಟ್ಕೊಳ್ಳಲ್ಲ ಅಂತ ಕೇಳಿದರೆ ಅಜ್ಜಿ, "ಒಳ್ಳೇದು ಲಾರಿ ಹತ್ತುತ್ತೆ ಮಗಾ" ಅನ್ನೋರು.

ಇದು ಬರೀ ಬಡತನ ಅಂದುಕೊಂಡಿದ್ದೆ. ಆಮೇಲೆ ಓದುತ್ತಾ ಹೋದರೆ, ಆ ಲಾರಿಯ ಹಿಂದೆ ಒಂದು ಕಾಯ್ದೆಯೇ ಇತ್ತು.

ಬಾಬಾ ಬುಡನ್ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟ ಕಥೆ ಎಲ್ಲರಿಗೂ ಗೊತ್ತು. ಆದರೆ ಕಾಫಿ ದೊಡ್ಡ ವ್ಯಾಪಾರವಾಗಿದ್ದು 19ನೇ ಶತಮಾನದಲ್ಲಿ, ಬ್ರಿಟಿಷರ ಎಸ್ಟೇಟುಗಳು ಬಂದ ಮೇಲೆ. ಬೆಳೆಯೋದು ಇಲ್ಲಿ, ಕುಡಿಯೋರು ಹೆಚ್ಚಾಗಿ ಯುರೋಪಿನಲ್ಲಿ. ಎರಡನೇ ಮಹಾಯುದ್ಧ ಶುರುವಾಗಿದ್ದೇ ಆ ಮಾರುಕಟ್ಟೆ ಬಾಗಿಲು ಹಾಕಿತು. ಬೆಳೆಗಾರ ಮುಳುಗಬಾರದು ಅಂತ ಸರ್ಕಾರ 1940ರಲ್ಲಿ ಒಂದು ಮಂಡಳಿ ಮಾಡಿತು, 1942ರಲ್ಲಿ ಕಾಫಿ ಕಾಯ್ದೆ ತಂದಿತು. ಅದೇ ಇವತ್ತಿನ ಕಾಫಿ ಬೋರ್ಡ್.

ಅದರ ಪ್ರಕಾರ ಬೆಳೆದ ಕಾಫಿಯೆಲ್ಲ ಒಂದೇ ರಾಶಿಗೆ ಸೇರಬೇಕು. ಅದಕ್ಕೆ 'ಪೂಲ್' ಅಂತ ಹೆಸರು. ಮನೆ ಖರ್ಚಿಗೆ, ಬಿತ್ತನೆಗೆ ಇಂತಿಷ್ಟು ಬಿಟ್ಟರೆ ಉಳಿದದ್ದೆಲ್ಲ ಕ್ಯೂರಿಂಗ್ ವರ್ಕ್ಸಿಗೆ. ಹೊರಗೆ ಮಾರಿದರೆ ಅಪರಾಧ. ಬೋರ್ಡ್ ಹರಾಜು ಹಾಕಿ, ಗುಣಮಟ್ಟ ನೋಡಿ ಪಾಯಿಂಟ್ ಲೆಕ್ಕದಲ್ಲಿ ಬೆಳೆಗಾರನಿಗೆ ಕಂತು ಕಂತಾಗಿ ದುಡ್ಡು ಕೊಡುತ್ತಿತ್ತು. ಬೀಜ ಕೊಟ್ಟಾಗ ಅದಕ್ಕೆ ಕೊನೆಗೆ ಎಷ್ಟು ಸಿಗುತ್ತೆ ಅಂತ ಗೊತ್ತಿರುತ್ತಿರಲಿಲ್ಲ. ಈಗ ಯೋಚಿಸಿ, ಒಳ್ಳೇ ಬೀಜಕ್ಕೆ ಪಾಯಿಂಟ್ ಇದೆ ಅಂದಮೇಲೆ ಯಾರು ಅದನ್ನು ಮನೇಲಿ ಹುರಿದು ಕುಡೀತಾರೆ?

ಅತ್ತ ಪೇಟೆಯಲ್ಲಿ ಜನಕ್ಕೆ ಕಾಫಿ ರುಚಿ ಹತ್ತಿಸೋದೂ ಬೋರ್ಡಿನ ಕೆಲಸವಾಗಿತ್ತು. ಇಂಡಿಯಾ ಕಾಫಿ ಹೌಸ್‌ಗಳನ್ನು ಅದೇ ನಡೆಸುತ್ತಿತ್ತು. 1950ರ ದಶಕದಲ್ಲಿ ಅವನ್ನು ಮುಚ್ಚಲು ಹೊರಟಾಗ ನೌಕರರೇ ಸಹಕಾರ ಸಂಘ ಕಟ್ಟಿಕೊಂಡರು. 1957ರಲ್ಲಿ ಮೊದಲು ಹುಟ್ಟಿದ್ದು ನಮ್ಮ ಬೆಂಗಳೂರಿನ ಸಂಘ. ಪೇಟೆಯವರ ಫಿಲ್ಟರಿಗೆ ಚಿಕೋರಿಯೂ ಸೇರಿತು. ಅದು ಒಂದು ಗಿಡದ ಬೇರು, ಮಲೆನಾಡಿನದ್ದಲ್ಲ. ಹುರಿದ ಚಿಕೋರಿ ನೀರು ಹೀರಿಕೊಂಡು ಉಬ್ಬುತ್ತೆ, ಹಾಗಾಗಿ ಡಿಕಾಕ್ಷನ್ ನಿಧಾನಕ್ಕೆ, ಮಂದವಾಗಿ, ಕಪ್ಪಗೆ ಇಳಿಯುತ್ತೆ. ಪುಡಿಯೂ ಅಗ್ಗವಾಗುತ್ತೆ. ಬೇರೆಯವರು "ಅಸಲಿ" ಅನ್ನೋ ಆ ಗಟ್ಟಿ ರುಚಿಯಲ್ಲಿ ಅರ್ಧ ಬೇರಿನದ್ದು ಅಂತ ಗೊತ್ತಾದಾಗ ನನಗೆ ನಗು ಬಂತು.

1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು. ಇಲ್ಲಿ 1992ರಿಂದ ಪೂಲ್ ಸಡಿಲವಾಗುತ್ತಾ ಬಂದು, 1996ರ ಹೊತ್ತಿಗೆ ಬೆಳೆಗಾರರೆಲ್ಲ ತಮ್ಮ ಕಾಫಿ ತಾವೇ ಮಾರಬಹುದು ಅಂತಾಯ್ತು. ನಡುವೆ 1994ರಲ್ಲಿ ಬ್ರೆಜಿಲಿನ ತೋಟಗಳಿಗೆ ಮಂಜು ಹೊಡೆದು ರೇಟು ಗಗನಕ್ಕೆ ಹೋಯ್ತು. ನಾನಾಗ ಮಿಡ್ಲ್ ಸ್ಕೂಲು. ಎಲ್ಲೋ ಬಿದ್ದ ಮಂಜಿಗೆ ನಮ್ಮೂರಿಗೆ ಹೊಸ ಜೀಪುಗಳು ಬಂದವು! ಆದರೆ ಬಾಗಿಲು ಎರಡೂ ಕಡೆ ತೆರೆಯುತ್ತಲ್ಲ. ವಿಯೆಟ್ನಾಂ ರಾಶಿ ರಾಶಿ ರೋಬಸ್ಟಾ ತಂದು ಸುರಿಯಿತು, ಬ್ರೆಜಿಲ್ ಸುಧಾರಿಸಿಕೊಂಡಿತು, 2001ರ ಹೊತ್ತಿಗೆ ರೇಟು ದಶಕಗಳಲ್ಲೇ ಕಾಣದಷ್ಟು ಕುಸಿಯಿತು. ನಾನು ಕಂಪ್ಯೂಟರ್ ಕಡೆ ಬಂದಿದ್ದಕ್ಕೆ ಆ ವರ್ಷಗಳೂ ಒಂದು ಕಾರಣ.

ಹಾಗಾದರೆ ಪೂಲ್ ಕೈಗೆ ಕಟ್ಟಿದ ಹಗ್ಗವೋ, ಮಳೆಗೆ ಹಿಡಿದ ಕೊಡೆಯೋ? ಹಳೇ ಬೆಳೆಗಾರರನ್ನು ಕೇಳಿದರೆ ಉತ್ತರ ಆ ವರ್ಷದ ರೇಟಿನ ಮೇಲೆ ಹೋಗುತ್ತೆ. ನನಗನ್ನಿಸೋದು ಇಷ್ಟು: ಅದು ಎರಡೂ ಆಗಿತ್ತು. ಯುದ್ಧಕಾಲಕ್ಕೆ ಹಿಡಿದ ಕೊಡೆಯನ್ನು ಮಳೆ ನಿಂತ ಮೇಲೂ ಐವತ್ತು ವರ್ಷ ಮಡಚಲಿಲ್ಲ. ಮಡಚಿದಾಗ, ಮುಂದಿನ ಮಳೆಗೆ ಏನು ಅಂತ ಯಾರೂ ಯೋಚಿಸಲಿಲ್ಲ.

ಇದರ ಮಧ್ಯೆ ಅಜ್ಜಿ ಕೊನೇವರೆಗೂ ಉದುರಿದ ಬೀಜದ ಕಾಫಿಯನ್ನೇ ಕುಡಿದರು. ಕಾಯ್ದೆ ಹೋದ ಮೇಲೂ ಅಭ್ಯಾಸ ಹೋಗಲಿಲ್ಲ. ಮೊನ್ನೆ ಅಪ್ಪನಿಗೆ ಫೋನ್ ಮಾಡಿ, "ಈ ಸಲ ಒಂದು ಮೂಟೆ ಒಳ್ಳೇ ಪಾರ್ಚ್‌ಮೆಂಟ್ ಮನೆಗೇ ಇಡಿ, ಬೆಲ್ಲದ ಕಾಫಿ ಮಾಡಿ ನೋಡೋಣ" ಅಂದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ರೇಟು ನೋಡ್ಕೊಂಡು ಹೇಳ್ತೀನಿ" ಅಂದರು.