ಭರಣಿಯೊಳಗಿನ ಚರಿತ್ರೆ

ದಕ್ಷಿಣ ಕೊರಿಯಾದ ನೈಋತ್ಯ ಭಾಗದ ಸುಂಚಾಂಗ್ ಎಂಬ ಗ್ರಾಮಾಂತರ ಸೀಮೆಯು ‘ಗೊಚುಜಾಂಗ್’ ಎಂಬ ಕೆಂಪು ವ್ಯಂಜನಕ್ಕೆ ಹೆಸರಾದುದು. ನಗರವಾಸಿಗಳು ಒಂದು ದಿನದ ಮಟ್ಟಿಗೆ ಅಲ್ಲಿಗೆ ಹೋಗಿ, ಅಂಟಕ್ಕಿಯ ಗಂಜಿಗೆ ಮೆಣಸಿನಪುಡಿ, ಉಪ್ಪು, ಹುದುಗಿಸಿದ ಸೋಯಾ ಅವರೆಯ ಪುಡಿ ಇವುಗಳನ್ನು ಸ್ವಹಸ್ತದಿಂದ ಕಲಸಿ ಮನೆಗೆ ಒಯ್ಯುತ್ತಾರೆ. ಇದೆಲ್ಲ ಅನಾದಿಕಾಲದ್ದೆಂದು ಅವರಿಗೆ ತೋರಿದರೆ ಆಶ್ಚರ್ಯವಿಲ್ಲ.

ಆದರೆ ಚರಿತ್ರೆಯ ಮಾತು ಬೇರೆ. ಸೋಯಾ ಹುದುಗಿಸುವ ವಿದ್ಯೆಯೇನೋ ಪ್ರಾಚೀನವೇ. ಕ್ರಿ.ಶ. 683ರಲ್ಲಿ ಶಿಲ್ಲಾ ರಾಜ್ಯದ ದೊರೆ ಸಿನ್‌ಮುನ್ ವಧುವಿನ ಮನೆಗೆ ಕಳುಹಿಸಿದ ಉಡುಗೊರೆಗಳಲ್ಲಿ ‘ಜಾಂಗ್’ ಇತ್ತೆಂದು 1145ರ ‘ಸಮ್‌ಗುಕ್ ಸಾಗಿ’ ಗ್ರಂಥ ದಾಖಲಿಸಿದೆ. ಮೆಣಸಿನಕಾಯಿಯಾದರೋ ಅಮೆರಿಕ ಖಂಡದ ಬೆಳೆ. 1614ರಲ್ಲಿ ಯಿ ಸು-ಗ್ವಾಂಗ್ ಎಂಬ ವಿದ್ವಾಂಸನು ಅದು ಜಪಾನಿನಿಂದ ಬಂದುದೆಂದೂ ಬಲವಾದ ವಿಷವುಳ್ಳದ್ದೆಂದೂ ಬರೆದನು. 1766ರ ಕೃಷಿಗ್ರಂಥವೊಂದರಲ್ಲಿ ಅದೇ ಮೆಣಸಿನಕಾಯಿ ಜಾಂಗ್‌ನೊಡನೆ ಬೆರೆತು ಪಾಕವಿಧಾನವಾಗಿದೆ. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಮೂಲವೂ ಅದೇ ಖಂಡ. ನಾವೂ ಅದನ್ನು ಪರಕೀಯವೆಂದು ನೆನೆಯುವುದಿಲ್ಲ.

2024ರಲ್ಲಿ ಜಾಂಗ್ ತಯಾರಿಕೆಯ ಪದ್ಧತಿ ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿತು. ಆದರೆ ಹಿತ್ತಿಲುಗಳಲ್ಲಿ ಮಣ್ಣಿನ ಭರಣಿಗಳ ಸಾಲಿದ್ದ ನಾಡಿನಲ್ಲಿ ಇಂದು ಬಹುಮಂದಿ ಬಹುಮಹಡಿಯ ವಸತಿಗಳಲ್ಲಿದ್ದಾರೆ. ಜಾಂಗ್ ಅಂಗಡಿಯಿಂದ ಬರುತ್ತದೆ. ಅತ್ತೆಯಿಂದ ಸೊಸೆಗೆ ಬರುತ್ತಿದ್ದ ವಿದ್ಯೆಯನ್ನು ಈಗ ಶುಲ್ಕ ತೆತ್ತು ಕಲಿಯಬೇಕಾಗಿದೆ. ಕಲಸುವುದಕ್ಕೆ ಒಂದು ಗಳಿಗೆ ಸಾಕು. ಹದಕ್ಕೆ ಬರಲು ತಿಂಗಳುಗಳು ಬೇಕು. ಅಷ್ಟು ಕಾಲ ಬಿಸಿಲಿಗೆ ಮುಚ್ಚಳ ತೆರೆದು, ಮಳೆಗೆ ಮುಚ್ಚುವ ಕೈಯೊಂದು ಮನೆಯಲ್ಲಿ ಉಳಿದಿದ್ದರೆ ಆ ಪರಂಪರೆಯೂ ಉಳಿದೀತು.